ಗಂಗಮ್ಮನ ಆರುನೂರ ಐವತ್ತು ರೂಪಾಯಿ

ದಸರಾ ರಜೆಗೆ ಊರಿಗೆ ಹೋಗಿದ್ದೆ. ಬ್ಯಾಗ್ ಇಳಿಸುವ ಮೊದಲೇ ಅಮ್ಮ ಶುರು ಮಾಡಿದಳು: "ಕಂಪ್ಯೂಟರ್ ಓದ್ತಿದೀಯಲ್ಲ, ನಮ್ ಸಂಘದ ಲೆಕ್ಕ ಅದರಲ್ಲಿ ಕೂರಿಸಿಕೊಡು ನೋಡಾಣ."

ನಾನು ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮ್. ಊರು ಅರಸೀಕೆರೆ ಕಡೆ, ತೆಂಗಿನ ತೋಟಗಳ ಮಧ್ಯೆ. ಅಮ್ಮ ಊರಿನ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಹದಿನಾರು ಜನ ಸದಸ್ಯೆಯರು, ತಲೆಗೆ ವಾರಕ್ಕೆ 50 ರೂಪಾಯಿ ಉಳಿತಾಯ. ತಪ್ಪಿಸಿದರೆ ದಂಡ, ಹಾಗಾಗಿ ಯಾರೂ ತಪ್ಪಿಸುವುದಿಲ್ಲ. ಭಾನುವಾರ ಸಂಜೆ ಮಾರಮ್ಮನ ಗುಡಿ ಜಗಲಿಯ ಮೇಲೆ ಸಭೆ ಸೇರುತ್ತಾರೆ. ಲೆಕ್ಕವೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ. ಅದರ ರಟ್ಟು ಯಾವಾಗಲೋ ಹರಿದು, ಹಳೆ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿಸಿಕೊಂಡು ಇನ್ನೂ ಬದುಕಿದೆ. ಅಮ್ಮ ಅಂಕಿಗಳನ್ನೂ ಕನ್ನಡದಲ್ಲೇ ಬರೆಯುತ್ತಾಳೆ. ಐವತ್ತು ಅಂದರೆ ೫೦.

ನನಗೆ ಇದೇನು ಮಹಾ ಅನ್ನಿಸಿತು. ಹದಿನಾರು ಜನ, 26 ವಾರ. ಹೆಸರು ಕೊಟ್ಟರೆ ಎಷ್ಟು ಕಟ್ಟಿದ್ದಾರೆ ಅಂತ ತೋರಿಸಬೇಕು, ಅಷ್ಟೇ. ಮೊದಲ ಸೆಮ್‌ನ ಲ್ಯಾಬ್ ಪ್ರೋಗ್ರಾಂ ಇದಕ್ಕಿಂತ ಕಷ್ಟ ಇತ್ತು. ಊಟ ಆದ ಮೇಲೆ ಕೂತರೆ ಮಲಗುವ ಹೊತ್ತಿಗೆ ಮುಗಿಯುತ್ತದೆ ಅಂದುಕೊಂಡೆ. ಮುಗಿದದ್ದು ಒಂಬತ್ತನೇ ದಿನ.

ಟೈಪ್ ಮಾಡುವ ಕೆಲಸ ಇರಲಿಲ್ಲ. ಏಪ್ರಿಲ್‌ನಿಂದ 13 ವಾರಗಳ ಲೆಕ್ಕವನ್ನು ಅಮ್ಮ ಸಾಲದ ಅರ್ಜಿಗೆ ಬೇಕು ಅಂತ ಪೇಟೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದಳು. ಆಮೇಲಿನ 13 ವಾರದ್ದನ್ನು ಪಿಯುಸಿ ಓದುವ ನನ್ನ ತಮ್ಮ ಮೊಬೈಲಿನಲ್ಲೇ ಶೀಟ್ ಮಾಡಿಟ್ಟಿದ್ದ. ಎರಡನ್ನೂ ಸೇರಿಸಿ ಒಂದು ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಫೈಲ್) ಮಾಡಿದೆ. ಹೆಸರು, ವಾರ, ಮೊತ್ತ. 416 ಸಾಲು.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಸಾಲು ಬರೆದು ರನ್ ಮಾಡಿದೆ. ಮೊದಲ ಸಾಲಿನಲ್ಲೇ ಬಿತ್ತು. 81 ಅನ್ನುವ ಬೈಟನ್ನು, ಅಂದರೆ ಫೈಲಿನೊಳಗಿನ ಒಂದು ಸಣ್ಣ ತುಣುಕನ್ನು, ಓದಲಾರೆ ಅಂತ ಎರರ್.

ಇದು ಕನ್ನಡದ ಫೈಲ್ ಮುಟ್ಟಿದ ಎಲ್ಲರೂ ಕಟ್ಟುವ ಮೊದಲ ಸುಂಕ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರವನ್ನು ಬೈಟಾಗಿ ಬರೆಯುವ ಪದ್ಧತಿ) ಯಾವುದು ಅಂತ ನಾವು ಹೇಳದಿದ್ದರೆ, ನನ್ನ ಪೈಥಾನ್ ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ ಹಳೆಯ 1252 ನಂಬರಿನ ಪಟ್ಟಿ ಹಿಡಿದು ಓದಲು ಹೋಗುತ್ತದೆ. ಈಗ ಎಲ್ಲ ಭಾಷೆಗೂ ಬಳಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಉಕಾರದ ಕೊಂಬಿನ ಮೂರನೇ ಬೈಟ್ 81. ಆ ಪಟ್ಟಿಯಲ್ಲಿ 81ರ ಜಾಗ ಖಾಲಿ. ನನ್ನ ಫೈಲಿನ ತಲೆಬರಹದಲ್ಲಿದ್ದ ಮೊದಲ ಪದ 'ಹೆಸರು'. 'ಹೆಸ' ದಾಟಿ, 'ರ' ದಾಟಿ, ಕೊಂಬಿಗೆ ಎಡವಿತು. ಫೈಲ್ ತೆರೆಯುವ ಕಡೆ ಯುಟಿಎಫ್-8 ಅಂತ ಬರೆದೆ, ಸರಿಹೋಯಿತು.

ಮುಂದಿನ ಎರರ್ ಬೇರೆ ಥರದ್ದು. ಸುಮಾರು ಮುನ್ನೂರನೇ ಸಾಲಿನವರೆಗೆ ಚೆನ್ನಾಗಿ ಓಡಿ, ಆಮೇಲೆ ವ್ಯಾಲ್ಯೂ ಎರರ್: '೫ಂ' ಅನ್ನುವುದು ಸಂಖ್ಯೆ ಅಲ್ಲ ಅಂತ.

ಸಂಖ್ಯೆ ಅಲ್ಲ ಅಂದರೆ ಏನು? ಐವತ್ತು ಅಂತ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿದೆ! ಪೈಥಾನಿಗೆ ಕನ್ನಡ ಅಂಕಿ ಬರುವುದಿಲ್ಲ ಅನ್ನೋಣ ಅಂದರೆ, ಅದುವರೆಗಿನ ಮುನ್ನೂರು ಸಾಲಿನಲ್ಲೂ ಕನ್ನಡ ಅಂಕಿಯೇ ಇತ್ತು. ನಿಜ ಹೇಳಬೇಕೆಂದರೆ ಅದು ಬರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆಗ. '೫೦' ಅಂತ ಕೊಟ್ಟರೆ ಯಾವ ಲೈಬ್ರರಿಯೂ ಇಲ್ಲದೆ ಸುಮ್ನೆ 50 ಅಂತ ತೆಗೆದುಕೊಳ್ಳುತ್ತದೆ. ನನಗೆ ಎಷ್ಟು ಖುಷಿಯಾಯಿತು ಅಂದರೆ ಎರರ್ ಮರೆತು ಹತ್ತು ನಿಮಿಷ ಕನ್ನಡ ಅಂಕಿಗಳಲ್ಲಿ ಕೂಡಿ ಕಳೆದು ಆಡಿದೆ.

ಆಮೇಲೆ ಒಂದು ಪಾಪದ ಕೆಲಸ ಮಾಡಿದೆ. ಕೋಡ್ ಬರೆಯುವವರಿಗೆ ಗೊತ್ತಿರುತ್ತದೆ, ಟ್ರೈ ಅಂತ ಹಾಕಿ, ಎಕ್ಸೆಪ್ಟ್ ಅಂತ ಹಾಕಿ, ಪಾಸ್ ಅಂದುಬಿಡುವುದು. ಎರರ್ ಬಂದರೆ ಕಂಡರೂ ಕಾಣದ ಹಾಗೆ ಮುಂದೆ ಹೋಗು ಅಂತ. ರಾತ್ರಿ ಹನ್ನೊಂದೂವರೆ ಆಗಿತ್ತು, ಪ್ರೋಗ್ರಾಂ ಕೊನೆಯವರೆಗೂ ಓಡಿತು, ಒಟ್ಟು 20,450 ಅಂತ ತೋರಿಸಿತು. ಮಲಗಿದೆ.

ಬೆಳಿಗ್ಗೆ ಅಮ್ಮನಿಗೆ ತೋರಿಸಿದೆ. ಅಮ್ಮ ಕಾಫಿ ಲೋಟ ಕೆಳಗಿಡಲೂ ಇಲ್ಲ. "ಇಪ್ಪತ್ ಸಾವಿರದ ಎಂಟುನೂರು ಇರ್ಬೇಕು. ಮುನ್ನೂರೈವತ್ತು ಕಮ್ಮಿ ಬಂದದೆ."

ಮುನ್ನೂರೈವತ್ತು ಅಂದರೆ ಏಳು ಐವತ್ತು. ಏಳು ಸಾಲುಗಳನ್ನು ನನ್ನ ಪ್ರೋಗ್ರಾಂ ನುಂಗಿಕೊಂಡು ಸುಮ್ಮನಿತ್ತು. ನಾನೇ ನುಂಗು ಅಂದಿದ್ದೆ.

ಬಳ್ಳಾರಿಯ ರೂಮ್‌ಮೇಟಿಗೆ ಫೋನ್ ಮಾಡಿದೆ. ಅವನಿಗೆ ಯಾವ ಬಗ್ ಹೇಳಿದರೂ ಒಂದೇ ಔಷಧಿ. "ಪ್ರಿಂಟ್ ಹೊಡದ್ ನೋಡಲೇ, ಎಷ್ಟ್ ಸಲ ಹೇಳ್ಬೇಕ್ ನಿನಗ." ಪ್ರಿಂಟ್ ಮಾಡಿದರೆ ೫ಂ ಅಂತಲೇ ಬರುತ್ತದೆ, ಐವತ್ತರ ಹಾಗೇ ಕಾಣುತ್ತದೆ ಅಂದೆ. "ಅಕ್ಷರ ಬ್ಯಾಡ, ಅದರ ನಂಬರ್ ಪ್ರಿಂಟ್ ಮಾಡು."

ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ನಂಬರ್, ಅದರ ಆಕಾರ ಫಾಂಟಿನ ಪಾಲಿನ ಕೆಲಸ. ಇದನ್ನು ಕ್ಲಾಸಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಎಲ್ಲ ಲಿಪಿಗಳ ಅಕ್ಷರಕ್ಕೂ ನಂಬರ್ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟ ಸೈಟು 3200ರಿಂದ 3327ರವರೆಗೆ, ಒಟ್ಟು 128 ಮನೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅಲ್ಲಿದೆ. 'ಅ' 3205, 'ಕ' 3221, ಹೀಗೆ. ಪೈಥಾನ್‌ನಲ್ಲಿ ಆರ್ಡ್ ಅನ್ನುವ ಫಂಕ್ಷನ್‌ಗೆ ಅಕ್ಷರ ಕೊಟ್ಟರೆ ಮನೆ ನಂಬರ್ ಹೇಳುತ್ತದೆ. ಸರಿಯಾಗಿ ಓಡಿದ ಐವತ್ತನ್ನೂ ಬಿದ್ದ ಐವತ್ತನ್ನೂ ಕೊಟ್ಟೆ. ಐದು ಎರಡರಲ್ಲೂ 3307. ಅದರ ಪಕ್ಕದ ದುಂಡನೆಯದು ಒಂದರಲ್ಲಿ 3302. ಇನ್ನೊಂದರಲ್ಲಿ 3202.

3302 ಕನ್ನಡದ ಸೊನ್ನೆ. 3202 ಅಂ ಅಃ ಅನ್ನುವಾಗಿನ ಅನುಸ್ವಾರ.

ತಮ್ಮನನ್ನು ಕರೆದು ಕೇಳಿದೆ. ಮೊಬೈಲಿನ ಕೀಬೋರ್ಡಿನಲ್ಲಿ ಕನ್ನಡ ಅಂಕಿ ಬೇಕಾದರೆ ಕೀ ಒತ್ತಿ ಹಿಡಿಯಬೇಕು, ಕೆಲವು ಸಲ ಬೇಜಾರಾಗಿ ಕೈಗೆ ಹತ್ತಿರ ಇದ್ದ ದುಂಡಗಿನದನ್ನು ಒತ್ತಿದೆ ಅಂದ. "ಎಲ್ಲಾ ಒಂದೇ ಅಲ್ವಾ ಅಣ್ಣ?" ಬೈಯಲು ಬಾಯಿ ಬರಲಿಲ್ಲ. ನನಗೂ ಅದು ಎರಡು ಅಂತ ಗೊತ್ತಾಗಿದ್ದು ಐದು ನಿಮಿಷದ ಹಿಂದೆ.

ಮೊತ್ತದ ಕಾಲಂನಲ್ಲಿ ಎಲ್ಲೆಲ್ಲಿ ಅನುಸ್ವಾರ ಇದೆಯೋ ಅಲ್ಲೆಲ್ಲ ಸೊನ್ನೆ ಹಾಕಿದೆ. ಪಾಸ್ ಕಿತ್ತು ಎಸೆದೆ. ಒಟ್ಟು 20,800. ಪುಸ್ತಕದ ಜೊತೆ ಕರಾರುವಾಕ್ಕಾಗಿ ತಾಳೆಯಾಯಿತು. ಅಮ್ಮ "ಹ್ಞೂಂ" ಅಂದಳು. ನಮ್ಮ ಮನೆಯಲ್ಲಿ ಅದು ಡಿಸ್ಟಿಂಕ್ಷನ್.

ಭಾನುವಾರ ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಗುಡಿ ಜಗಲಿಗೆ ಹೋದೆ. ಅಮ್ಮನೇ ಬಾ ಅಂದಿದ್ದಳು. ಹೋಗುವಾಗ ಸ್ವಲ್ಪ ಜಂಬ ಇದ್ದದ್ದೂ ನಿಜ. ಹೆಂಗಸರೆಲ್ಲ ಸುತ್ತ ಕೂತರು. ಯಾರ ಹೆಸರು ಮೊದಲು ಹಾಕಲಿ ಅಂದೆ. ಎದುರಿಗಿದ್ದ ಗಂಗಮ್ಮ, "ನಂದೇ ಹಾಕಪ್ಪ" ಅಂದರು. ಗಂಗಮ್ಮ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ.

650.

"ಎಷ್ಟು ಅಂತದೆ?"

ಹೇಳಿದೆ. ಗಂಗಮ್ಮ ಒಂದು ಕ್ಷಣ ಸುಮ್ಮನಿದ್ದು, "ನಾನು ಒಂದ್ ವಾರಾನೂ ತಪ್ಸಿಲ್ಲ ಕಣಪ್ಪ. ಜ್ವರ ಬಂದಾಗ್ಲೂ ಮೊಮ್ಮಗಳ ಕೈಲಿ ಕಳ್ಸಿವ್ನಿ" ಅಂದರು. ಅಮ್ಮ ಪುಸ್ತಕ ತೆರೆದಳು. ಬೆರಳು ಸಾಲಿನುದ್ದಕ್ಕೂ ಹರಿಯಿತು. "ಸಾವಿರದ ಮುನ್ನೂರು ಸರಿಯಾಗದೆ ಗಂಗಕ್ಕ, ಇಲ್ ನೋಡಿ." ಹಿಂದಿನಿಂದ ಯಾರೋ, "ಹಂಗಾದ್ರೆ ಇನ್ನರ್ಧ ಕಂಪ್ಯೂಟ್ರು ತಿಂದ್ಬುಡ್ತಾ?" ಅಂದರು. ಎಲ್ಲರೂ ನಕ್ಕರು. ಗಂಗಮ್ಮ ನಗಲಿಲ್ಲ. ಕೂಲಿಯಿಂದ ವಾರಕ್ಕೆ ಐವತ್ತು ತೆಗೆದಿಡುವವರಿಗೆ ಅದು ನಗುವ ವಿಷಯ ಅಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ವ್ಯಾಲ್ಯೂ ಎರರ್ ಬಂದು ಬಿದ್ದಾಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅದು ಮರ್ಯಾದಸ್ತ ಎರರ್. ಎಲ್ಲಿ, ಯಾವ ಸಾಲು, ಏನು ತೊಂದರೆ ಅಂತ ಕೂಗಿ ಹೇಳಿತ್ತು. ಈ 650 ಯಾವ ಸದ್ದೂ ಮಾಡಲಿಲ್ಲ. ಒಟ್ಟು ಮೊತ್ತ ಸರಿ ಇದ್ದದ್ದರಿಂದ ಒಳಗೆಲ್ಲ ಸರಿ ಇದೆ ಅಂತ ನಂಬಿ ಜನರ ಮುಂದೆ ಹೋಗಿ ಕೂತಿದ್ದೆ.

ರಾತ್ರಿ ಮತ್ತೆ ಕೂತೆ. ಎಐಗೆ ಕೇಳಿದೆ. ಹೆಸರಿನ ಹಿಂದೆ ಮುಂದೆ ಸ್ಪೇಸ್ ಇರಬಹುದು, ತೆಗೆದು ನೋಡು ಅಂದಿತು. ತೆಗೆದೆ, 650. ಫೈಲಿನಲ್ಲಿ ಗಂಗಮ್ಮನ ಸಾಲುಗಳನ್ನು ಕಣ್ಣಿನಲ್ಲೇ ಎಣಿಸಿದೆ, 26 ಇವೆ. ಅಂಗಡಿಯ ಪಾಲಿನ ಒಂದು ಗಂಗಮ್ಮನನ್ನೂ ತಮ್ಮನ ಪಾಲಿನ ಒಂದು ಗಂಗಮ್ಮನನ್ನೂ ತೆಗೆದು, ಎರಡೂ ಸಮವಾ ಅಂತ ಪೈಥಾನಿಗೆ ಕೇಳಿದೆ. ಅಲ್ಲ ಅಂದಿತು. ಉದ್ದ ಎಷ್ಟು ಅಂದೆ. ಎರಡೂ 6. ಕಾಣುವುದು ಮೂರು ಅಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಆರು: ಗ, ಅನುಸ್ವಾರ, ಗ, ಮ, ಹಲಂತ, ಮ. ಉದ್ದವೂ ಒಂದೇ ಆದ ಮೇಲೆ ಕಾಣದ ಸ್ಪೇಸ್ ಏನೂ ಇಲ್ಲ ಅಂತ ಖಾತ್ರಿಯಾಯಿತು.

ರೂಮ್‌ಮೇಟ್ ಹೇಳಿದ ಔಷಧಿ ಆಗಲೇ ನೆನಪಾಗಬೇಕಿತ್ತು. ಆಗಲಿಲ್ಲ. ಸೊನ್ನೆಯ ಕಥೆ ಮೊತ್ತದ ಕಾಲಂನಲ್ಲೇ ಮುಗಿಯಿತು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ದಾರಿ ತೋರಿಸಿದ್ದು ಇನ್ನೊಂದು ತಪ್ಪು. ಹೆಸರಿನಲ್ಲಿ ಚುಕ್ಕಿ ಗಿಕ್ಕಿ ಏನಾದರೂ ಸೇರಿದ್ದರೆ ಹೋಗಲಿ ಅಂತ, ಎಲ್ಲಿಂದಲೋ ಎತ್ತಿದ, ಬೇಕಾದ ಮಾದರಿ ಹುಡುಕುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿದೆ. ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಅಂದರೆ 'ಪದದಲ್ಲಿ ಬರುವ ಅಕ್ಷರ' ಅಂತ ಓದಿದ್ದೆ. ಅಂಥವನ್ನು ಮಾತ್ರ ಆರಿಸು ಅಂದೆ. ಗಂಗಮ್ಮ ಚೂರು ಚೂರಾಗಿ ಬಂದರು: 'ಗ', 'ಗಮ', 'ಮ'. ಪೈಥಾನಿನ ಈ ಲೈಬ್ರರಿಗೆ ಮೂಲಾಕ್ಷರ ಅಕ್ಷರ, ಅಂಕಿ ಅಕ್ಷರ, ಆದರೆ ಕೊಂಬು, ಗುಡಿಸು, ಹಲಂತ, ಅನುಸ್ವಾರ ಯಾವುದೂ ಅಕ್ಷರ ಅಲ್ಲ. ಅಂಥದ್ದು ಸಿಕ್ಕಿದ ಕಡೆಯೆಲ್ಲ ಪದ ಕತ್ತರಿಸುತ್ತದೆ. 'ಹೆಸರು' ಅಂತ ಕೊಟ್ಟರೆ 'ಹ' ಮತ್ತು 'ಸರ' ಅಂತ ಕೊಡುತ್ತದೆ. ಕಾಗುಣಿತ ಇಲ್ಲದ ಕನ್ನಡವನ್ನು ಯಾರು ಎಲ್ಲಿ ಬರೆಯುತ್ತಾರೋ!

ಹೀಗೆ ಬೈದುಕೊಳ್ಳುತ್ತಾ ಕೆಳಗಿನವರೆಗೆ ಸ್ಕ್ರೋಲ್ ಮಾಡುತ್ತಿದ್ದೆ. ಒಂದು ಕಡೆ ಗಂಗಮ್ಮ ಮೂರು ಚೂರು. ಇನ್ನೊಂದು ಕಡೆ ಎರಡೇ ಚೂರು. ಅಂಗಡಿಯ ಗಂಗಮ್ಮ 'ಗ೦ಗಮ' ಮತ್ತು 'ಮ' ಅಂತ ಬಂದಿದ್ದರು. ಅನುಸ್ವಾರದ ಹತ್ತಿರ ಕತ್ತರಿ ಆಡಿರಲಿಲ್ಲ. ಯಾಕೆ ಆಡಲಿಲ್ಲ? ಅದನ್ನು ಈ ಲೈಬ್ರರಿ ಅಕ್ಷರ ಅಥವಾ ಅಂಕಿ ಅಂದುಕೊಂಡಿರಬೇಕು. ಅಂಕಿ.

ಆರ್ಡ್ ಹಾಕಿದೆ. ತಮ್ಮನ ಗಂಗಮ್ಮ: 3223, 3202, 3223, 3246, 3277, 3246. ಅಂಗಡಿಯ ಗಂಗಮ್ಮ: 3223, 3302, 3223, 3246, 3277, 3246.

ತಮ್ಮ ಸೊನ್ನೆ ಬೇಕಾದಲ್ಲಿ ಅನುಸ್ವಾರ ಒತ್ತಿದ್ದ. ಅಂಗಡಿಯವರು ಅನುಸ್ವಾರ ಬೇಕಾದಲ್ಲಿ ಸೊನ್ನೆ ಒತ್ತಿದ್ದರು. ಒಬ್ಬರು ಮಾಡಿದ್ದರ ಉಲ್ಟಾ ಇನ್ನೊಬ್ಬರು. ಮನೆ ನಂಬರಿನಲ್ಲಿ ಸರಿಯಾಗಿ ನೂರರ ವ್ಯತ್ಯಾಸ. ನನ್ನ ಪ್ರೋಗ್ರಾಂ ಪಾಪ, ಇವರು ಬೇರೆ ಅವರು ಬೇರೆ ಅಂತ ಎರಡು ಖಾತೆ ತೆರೆದು ತಲಾ 650 ಹಾಕಿತ್ತು. ಹಾಗಾಗಿಯೇ ಒಟ್ಟು ಮೊತ್ತ ಸರಿ ಬಂದಿತ್ತು. ಅನುಮಾನವಿದ್ದರೆ ಈ ಪುಟದಲ್ಲೇ ಗಂಗಮ್ಮ ಅಂತ ಹುಡುಕಿ ನೋಡಿ. ಅಂಗಡಿಯ 'ಗ೦ಗಮ್ಮ' ಸಿಗುವುದು ಕಷ್ಟ.

ಇಷ್ಟಾದ ಮೇಲೆ ಸದಸ್ಯರು ಎಷ್ಟು ಜನ ಅಂತ ಪ್ರಿಂಟ್ ಮಾಡಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ. 19. ಹದಿನಾರಲ್ಲ. ಲಿಂಗಮ್ಮನವರದೂ ಇದೇ ಸೊನ್ನೆಯ ಕಾಯಿಲೆ. ಮೂರನೆಯವರು ನೂರ್‌ಜಹಾನ್. ಅವರ ಹೆಸರಿನಲ್ಲಿ ಅನುಸ್ವಾರವೂ ಇಲ್ಲ, ಸೊನ್ನೆಯೂ ಇಲ್ಲ. ಇಲ್ಲಿ ಮಾತ್ರ ಉದ್ದ ಬೇರೆ ಬಂತು, ಒಂದು ಕಡೆ 10, ಇನ್ನೊಂದು ಕಡೆ 11. 'ನೂರ್' ಮತ್ತು 'ಜಹಾನ್' ಕೂಡಿಕೊಂಡು 'ನೂರ್ಜಹಾನ್' ಆಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತಾರೆ, ಅದರ ನಂಬರ್ 8204. ನಡುವಿನದು ಬೇಕಾದದ್ದೇ. ಅಂಗಡಿಯ ಫೈಲಿನಲ್ಲಿ ಹೆಸರಿನ ಕೊನೆಗೂ ಒಂದು 8204 ಅಂಟಿಕೊಂಡಿತ್ತು. ಸ್ಪೇಸ್ ತೆಗೆಯುವ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ, ಯಾಕೆಂದರೆ ಅದು ಸ್ಪೇಸ್ ಅಲ್ಲ.

ಒಂದು ಸಣ್ಣ ಫಂಕ್ಷನ್ ಬರೆದೆ. ಹೆಸರಿನಲ್ಲಿ ಅಕ್ಷರದ ಬೆನ್ನಿಗೇ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು, ಕೊನೆಯ 8204 ಕಿತ್ತುಹಾಕು. ಹೊನ್ನಮ್ಮನ ಒಕಾರವನ್ನು ಒಂದೇ ಸಂಕೇತವಾಗಿ 3274 ಅಂತಲೂ ಬರೆಯಬಹುದು, ಎತ್ವ ಮತ್ತು ಎರಡನೇ ಕೊಂಬು ಬೇರೆ ಬೇರೆ ಹಾಕಿ 3270, 3266 ಅಂತಲೂ ಬರೆಯಬಹುದು, ಕಾಣುವುದು ಒಂದೇ ಥರ. ಅದಕ್ಕೆ ಎರಡನ್ನೂ ಒಂದೇ ರೂಪಕ್ಕೆ ತರುವ, ಅಂದರೆ ನಾರ್ಮಲೈಸ್ ಮಾಡುವ ಒಂದು ಸಾಲನ್ನೂ ಸೇರಿಸಿದೆ. ಹೊನ್ನಮ್ಮನವರಿಗೆ ಏನೂ ಆಗಿರಲಿಲ್ಲ, ಸುಮ್ನೆ ಮುಂಜಾಗ್ರತೆ. ಸದಸ್ಯರು 16. ಗಂಗಮ್ಮ 1,300. ಬೆಳಗಿನ ಜಾವ ಎರಡು ಗಂಟೆ.

ಬೆಳಿಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಳು. ಒಲೆ ಪಕ್ಕ ಕೂತು ಎಲ್ಲವನ್ನೂ ವಿವರಿಸಿದೆ. ಸೊನ್ನೆ, ಅನುಸ್ವಾರ, ಮನೆ ನಂಬರ್, ಕಾಣದ ಸಂಕೇತ. ಅಮ್ಮ ಒಂದು ದೋಸೆ ತೆಗೆದು ಇನ್ನೊಂದು ಹುಯ್ದು ಕೇಳಿದಳು: "ಅಲ್ಲ ಕಣೋ, ಹೋದ್ವರ್ಷ ನಮ್ ಸಂಘದಲ್ಲಿ ಇಬ್ರು ಜಯಮ್ಮ ಇದ್ರು. ನಾಳೆ ಇನ್ನೊಬ್ರು ಗಂಗಮ್ಮ ಸೇರಿದ್ರೆ ಏನ್ ಮಾಡ್ತದೆ ಇದು?"

ಏನು ಮಾಡುತ್ತದೆ? ಇಬ್ಬರ ದುಡ್ಡನ್ನೂ ಒಬ್ಬರಿಗೇ ಹಾಕುತ್ತದೆ.

"ಪಾಸ್‌ಬುಕ್ ಮೇಲೆ ನಂಬರ್ ಇಲ್ವಾ? ಗಂಗಕ್ಕಂದು ಏಳು. ಹೆಸರು ಯಾಕ್ ಬೇಕು ನಿಂಗೆ?"

ಹೋದ ಸೆಮ್‌ನಲ್ಲಿ ಡಿಬಿಎಂಎಸ್ (ಡೇಟಾಬೇಸ್) ಪರೀಕ್ಷೆಯಲ್ಲಿ ಪ್ರೈಮರಿ ಕೀ (ಪ್ರತಿ ದಾಖಲೆಯನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಅಂದರೇನು, ಹೆಸರನ್ನು ಯಾಕೆ ಕೀ ಮಾಡಬಾರದು ಅಂತ ಉದಾಹರಣೆ ಸಮೇತ ಒಂದು ಪುಟ ಬರೆದವನು ನಾನು. ಉದಾಹರಣೆಗೆ ಕಾಲೇಜು, ಸ್ಟೂಡೆಂಟು, ಯುಎಸ್‌ಎನ್ (ವಿದ್ಯಾರ್ಥಿಯ ರಿಜಿಸ್ಟರ್ ನಂಬರ್) ಅಂತ ಬರೆದಿದ್ದೆ. ಪುಸ್ತಕದಲ್ಲಿ ಇದ್ದದ್ದೂ ಅದೇ. ಅಮ್ಮನ ಲೆಡ್ಜರಿನಲ್ಲಿ ಪ್ರತಿ ಹೆಸರಿನ ಎಡಕ್ಕೆ ಕೆಂಪು ಇಂಕಿನಲ್ಲಿ ನಂಬರ್ ಇದೆ. ನಾನು ಫೈಲ್ ಮಾಡುವಾಗ ಆ ಕಾಲಂ ಬೇಡ ಅಂತ ಬಿಟ್ಟಿದ್ದೆ.

ಅವತ್ತಿಡೀ ಕೂತು ಎಲ್ಲವನ್ನೂ ನಂಬರ್ ಮೇಲೆ ನಡೆಯುವ ಹಾಗೆ ಬದಲಾಯಿಸಿದೆ. ಹೆಸರು ಈಗ ತೋರಿಸಲಿಕ್ಕೆ ಮಾತ್ರ. ಹೆಸರು ಶುದ್ಧ ಮಾಡುವ ಫಂಕ್ಷನ್ನನ್ನು ಅಳಿಸಲು ಮನಸ್ಸು ಬರಲಿಲ್ಲ, ರಾತ್ರಿ ಎರಡರವರೆಗೆ ಕೂತು ಬರೆದದ್ದಲ್ಲವಾ, ಹಾಗೇ ಬಿಟ್ಟಿದ್ದೇನೆ. ತಮ್ಮನಿಗೆ ನಡೆಸುವುದು ಹೇಳಿಕೊಟ್ಟು ಹಾಸನಕ್ಕೆ ಬಂದೆ.

ಮುಂದಿನ ಭಾನುವಾರ ಸಂಜೆ ಅಮ್ಮನ ಫೋನ್ ಬಂತು. ಹಿಂದೆ ಗುಡಿಯ ಗದ್ದಲ. "ತಗೋ, ಗಂಗಕ್ಕ ಮಾತಾಡ್ಬೇಕಂತೆ."

"ಏಳು ಒತ್ತಿದ್ರು ಕಣಪ್ಪ. ಸಾವಿರದ ಮುನ್ನೂರೈವತ್ತು ಅಂತು."

"ಸರಿ ಇದೆಯಲ್ಲ ಅಜ್ಜಿ?"

"ಸರಿ ಅದೆ. ಪುಸ್ತಕದಲ್ಲೂ ನೋಡಿಸ್ಕಂಡೆ."